ಕಾಳಿಗಿಂತ ಮೊದಲು ನೀರು

ಪ್ರಶ್ನೆ: ನಮ್ಮದು ಕೊಪ್ಪಳದ ಪಕ್ಕದ ಭಾಗ್ಯನಗರ. ಎರಡು ವರ್ಷದ ಹಿಂದೆ ಕಟ್ಟಿಸಿದ ಆರ್‌ಸಿಸಿ ಮನೆ. ಹಿಂದೆ ಹನ್ನೆರಡು ಅಡಿ ಅಗಲದ ಹಿತ್ತಲಿದೆ, ಅದರಲ್ಲಿ ಒಂದು ಬೇವಿನ ಮರ, ಒಂದು ಪೇರಲ ಗಿಡ. ಯುಗಾದಿಗೆ ಮುಂಚೆ ಆನ್‌ಲೈನ್‌ನಲ್ಲಿ ಕೊಳವೆಯಂಥ ಪ್ಲಾಸ್ಟಿಕ್ ಫೀಡರ್ ತರಿಸಿ, ಅಕ್ಕಿ ಮತ್ತು ಜೋಳ ತುಂಬಿ, ಅಡುಗೆಮನೆಯ ದೊಡ್ಡ ಗಾಜಿನ ಕಿಟಕಿಯ ಎದುರು ಏಳೆಂಟು ಅಡಿ ದೂರದಲ್ಲಿ ತೂಗುಹಾಕಿದೆ. ಹದಿನೈದು ದಿನ ಒಂದು ಹಕ್ಕಿಯೂ ಸುಳಿಯಲಿಲ್ಲ. ಆಮೇಲೆ ಪಾರಿವಾಳಗಳು ಬಂದವು, ಈಗ ಮುಂಜಾನೆ ನಲವತ್ತು ಐವತ್ತು ಕೂಡುತ್ತವೆ. ಗುಬ್ಬಿಗಳೂ ನಾಲ್ಕೈದು ಬರುತ್ತಿದ್ದವು. ಕಳೆದ ವಾರ ಒಂದು ಗುಬ್ಬಿ ಫೀಡರಿನ ಕೆಳಗೆ ಮೈ ಉಬ್ಬಿಸಿಕೊಂಡು, ಕಣ್ಣು ಮುಚ್ಚಿ ಕೂತಿತ್ತು. ಹತ್ತಿರ ಹೋದರೂ ಹಾರಲಿಲ್ಲ, ಸಂಜೆಗೆ ಸತ್ತಿತು. ಮಗಳು ಅವತ್ತು ಊಟ ಮಾಡಲಿಲ್ಲ. ಉಳಿದ ಅನ್ನ, ರೊಟ್ಟಿ ಹಾಕಿದರೆ ಸಾಕು, ಇದೆಲ್ಲ ಯಾಕೆ ಎನ್ನುತ್ತಾರೆ ನಮ್ಮ ಅತ್ತೆ. ಫೀಡರ್ ತೆಗೆದುಬಿಡಲೇ? ಇಡುವುದಾದರೆ ಹೇಗೆ ಇಡಬೇಕು? ಇನ್ನೊಂದು ಮಾತು. ಗುಬ್ಬಿಗಿಂತ ಚಿಕ್ಕವು, ಮಾಸಲು ಕಂದು ಬಣ್ಣ, ದಪ್ಪ ಬೂದು ಕೊಕ್ಕು, ಚೂಪಾದ ಕರಿ ಬಾಲ. ಹೀಗಿರುವ ಹಕ್ಕಿಗಳು ಆರೇಳು ಒಟ್ಟಿಗೆ ಬಂದು ಗೋಡೆಯ ಮೇಲೆ ಕೂರುತ್ತವೆ. ಯಾವುವು ಅವು?

ಉತ್ತರ: ತಾಯಿ, ಫೀಡರ್ ಇವತ್ತೇ ಇಳಿಸಿ. ಆದರೆ ಎರಡು ವಾರದ ಮಟ್ಟಿಗೆ ಮಾತ್ರ.

ಮೈ ಉಬ್ಬಿಸಿಕೊಂಡು ಮಂಕಾಗಿ ಕೂತ ಹಕ್ಕಿ ಆಗಲೇ ಬಹಳ ಕಾಯಿಲೆ ಬಿದ್ದಿರುತ್ತದೆ. ಸಣ್ಣ ಹಕ್ಕಿಗಳು ರೋಗವನ್ನು ಆದಷ್ಟೂ ಮುಚ್ಚಿಡುತ್ತವೆ. ಸೋತಂತೆ ಕಂಡರೆ ಬಿಜ್ಜು ಎಂಬ ಬೇಟೆಹಕ್ಕಿ ಮೊದಲು ಎರಗುವುದು ಅದರ ಮೇಲೆಯೇ. ಆದ್ದರಿಂದ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಕೊನೆಯ ಹಂತ. ಒಂದು ಗುಬ್ಬಿ ಸತ್ತಿದ್ದಕ್ಕೆ ಕಾರಣ ಇಂಥದ್ದೇ ಎಂದು ಪತ್ರ ಓದಿ ಹೇಳಲಾಗದು. ಕಿಟಕಿಯ ಗಾಜಿಗೆ ಬಡಿದಿರಬಹುದು, ಬೆಕ್ಕಿನ ಉಗುರು ತಾಗಿರಬಹುದು. ಆದರೆ ಐವತ್ತು ಪಾರಿವಾಳ ಕೂಡುವ ಜಾಗದಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಎರಡು ರೋಗಗಳನ್ನು. ಒಂದು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ, ಇದು ಹಿಕ್ಕೆಯಿಂದ ಕಾಳಿಗೆ ಹತ್ತುತ್ತದೆ. ಇನ್ನೊಂದು ಟ್ರೈಕೊಮೊನಾಸ್ ಎಂಬ ಏಕಕೋಶ ಜೀವಿ. ಪಾರಿವಾಳ, ಬೆಳವಗಳ ಗಂಟಲಲ್ಲಿ ಇರುವ ಇದು ಅವುಗಳ ಜೊಲ್ಲಿನಿಂದ ನೀರಿಗೆ, ಒದ್ದೆ ಕಾಳಿಗೆ ಇಳಿಯುತ್ತದೆ. ಬ್ರಿಟನ್ನಿನಲ್ಲಿ ಗ್ರೀನ್‌ಫಿಂಚ್ ಎಂಬ ಹಕ್ಕಿಯ ಸಂಖ್ಯೆ 2005ರಿಂದೀಚೆಗೆ ಕುಸಿದದ್ದು ಇದೇ ರೋಗದಿಂದ. ಅಲ್ಲಿ ಮನೆಮನೆಗೂ ಫೀಡರ್ ಇದ್ದವು; ಹಕ್ಕಿಗಳು ಒಂದೇ ಕಡೆ ಒತ್ತಾಗಿ ಸೇರಿದ್ದು ರೋಗಕ್ಕೆ ದಾರಿಯಾಯಿತು.

ಈ ಮಾತನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ರಾಯಚೂರಿನ ನಮ್ಮ ಮನೆಯಲ್ಲಿ ಮೊದಲ ಸಲ ನೀರಿನ ತಟ್ಟೆ ಇಟ್ಟ ಬೇಸಿಗೆ, ನಾನು ಅದನ್ನು ತೊಳೆಯುತ್ತಿರಲಿಲ್ಲ. ಕಡಿಮೆಯಾದಾಗ ಮೇಲೆ ಒಂದು ಚೊಂಬು ಸುರಿದು ಬರುತ್ತಿದ್ದೆ. ಒಂದು ತಿಂಗಳಲ್ಲಿ ಮೂರು ಬೆಳವ ಸತ್ತವು. ಮೂರನೆಯದನ್ನು ಪಶುವೈದ್ಯರ ಹತ್ತಿರ ಒಯ್ದೆ. ಅವರು ಕೊಕ್ಕು ತೆರೆದು ತೋರಿಸಿದರು: ಗಂಟಲ ತುಂಬ ಗಿಣ್ಣಿನಂಥ ಹಳದಿ ಗಡ್ಡೆ, ಒಂದು ಕಾಳು ಕೂಡ ಇಳಿಯುವಂತಿರಲಿಲ್ಲ. ಆ ಹಕ್ಕಿ ನನ್ನ ತಟ್ಟೆಯ ಪಕ್ಕದಲ್ಲೇ ಹಸಿದು ಸತ್ತಿತ್ತು. ಅವತ್ತಿನಿಂದ ನಾನು ಯಾರಿಗಾದರೂ ಮೊದಲು ಕೇಳುವ ಪ್ರಶ್ನೆ, ದಿನಾ ತೊಳೆಯಲು ನಿಮಗೆ ಐದು ನಿಮಿಷ ಇದೆಯೇ ಎಂದು. ಇದೆ ಎಂದರೆ ಮಾತ್ರ ಮುಂದಿನ ಮಾತು.

ಹಾಗಾಗಿ ಈ ಹದಿನೈದು ದಿನ ಹೀಗೆ ಮಾಡಿ. ಕಾಳು ಪೂರ್ತಿ ನಿಲ್ಲಿಸಿ, ಹಕ್ಕಿಗಳು ಚದುರಲಿ. ಫೀಡರಿನಲ್ಲಿ ಉಳಿದ ಕಾಳನ್ನು ಮಣ್ಣಿನಲ್ಲಿ ಹೂಳಿ. ಕೆಳಗೆ ಬಿದ್ದ ಹೊಟ್ಟು, ಹಿಕ್ಕೆಗಳನ್ನು ಒಣಗಿದ್ದಾಗ ಗುಡಿಸಬೇಡಿ. ನೀರು ಚಿಮುಕಿಸಿ ನೆನೆದ ಮೇಲೆ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ತೆಗೆಯಿರಿ. ಪಾರಿವಾಳದ ಒಣ ಹಿಕ್ಕೆಯ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಉಬ್ಬಸ ಇರುವವರಿಗೆ ಇನ್ನೂ ಕೆಟ್ಟದ್ದು. ಫೀಡರನ್ನು ಬಿಚ್ಚಿ, ಸೋಪಿನ ನೀರಿನಲ್ಲಿ ಉಜ್ಜಿ, ಅಂಗಡಿಯಲ್ಲಿ ಸಿಗುವ ದ್ರವ ಬ್ಲೀಚ್ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಮುಳುಗಿಸಿಡಿ. ಬಚ್ಚಲು ತೊಳೆಯುವ ಆಸಿಡ್ಡನ್ನು ಇದರ ಜೊತೆ ಎಂದೂ ಸೇರಿಸಬೇಡಿ, ವಿಷಗಾಳಿ ಏಳುತ್ತದೆ. ಆಮೇಲೆ ವಾಸನೆ ಹೋಗುವ ತನಕ ತೊಳೆದು ಬಿಸಿಲಿಗೆ ಹಾಕಿ. ನಮ್ಮ ಬಿಸಿಲು ಇಲ್ಲಿ ದೊಡ್ಡ ಔಷಧ. ಟ್ರೈಕೊಮೊನಾಸ್ ಒಣ ಜಾಗದಲ್ಲಿ ಬದುಕುವುದಿಲ್ಲ. ತೊಳೆದು ಮಾಳಿಗೆಯ ಮೇಲೆ ಒಂದು ಮಧ್ಯಾಹ್ನ ಸುಟ್ಟ ತಟ್ಟೆ ಆ ಜೀವಿಯ ಮಟ್ಟಿಗೆ ಶುದ್ಧವಾದಂತೆಯೇ.

ಇನ್ನು ಮುಂದೆ ಸತ್ತ ಹಕ್ಕಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಎತ್ತಿ, ನಾಯಿ ಕೆದರದಷ್ಟು ಆಳಕ್ಕೆ ಹೂತು, ಸೋಪಿನಿಂದ ಕೈ ತೊಳೆಯಿರಿ. ಎರಡು ಮೂರು ದಿನದಲ್ಲಿ ನಾಲ್ಕಾರು ಸತ್ತರೆ, ಅದರಲ್ಲೂ ಕಾಗೆಗಳು ಸತ್ತರೆ, ಹೂಳುವುದಕ್ಕೂ ಹೋಗದೆ ಪಶು ಆಸ್ಪತ್ರೆಗೆ ತಿಳಿಸಿ. ಹಕ್ಕಿಜ್ವರ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು ಅವರ ಕೆಲಸ.

ಕಾಳು ನಿಲ್ಲಿಸಿದ ದಿನಗಳಲ್ಲಿ ನೀರೂ ನಿಲ್ಲಬೇಕೇ ಎಂದು ನೀವು ಕೇಳಬಹುದು. ಬೇರೆ ಊರಾದರೆ ಅದನ್ನೂ ನಿಲ್ಲಿಸಿ ಎನ್ನುತ್ತಿದ್ದೆ. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಹಾಗೆ ಹೇಳಲು ಮನಸ್ಸು ಬಾರದು. ದಿನಕ್ಕೆರಡು ಸಲ ತಿಕ್ಕಿ ತೊಳೆದು ಹೊಸ ನೀರು ಹಾಕುವುದಾದರೆ ಇಡಿ.

ಹಕ್ಕಿಯ ಮೈಯ ಬಿಸಿಯೇ ಸುಮಾರು 40ರಿಂದ 42 ಡಿಗ್ರಿ. ಹೊರಗಿನ ಗಾಳಿಯೂ ಅಷ್ಟೇ ಬಿಸಿಯಾದಾಗ ಮೈಯ ಶಾಖ ತಾನಾಗಿ ಹೊರಗೆ ಹೋಗುವುದಿಲ್ಲ. ಹಕ್ಕಿಗೆ ಬೆವರಿಲ್ಲ. ಅದಕ್ಕಿರುವ ಮುಖ್ಯ ದಾರಿ: ಬಾಯಿ ತೆರೆದು ಏದುಸಿರು ಬಿಟ್ಟು, ಒಳಗಿನ ನೀರನ್ನು ಆವಿ ಮಾಡಿ ಮೈ ತಣಿಸಿಕೊಳ್ಳುವುದು. ಮಧ್ಯಾಹ್ನ ಎರಡು ಗಂಟೆಗೆ ನಿಮ್ಮ ಬೇವಿನ ಮರ ನೋಡಿ, ಕಾಗೆಗಳು ಕೊಕ್ಕು ಬಿಟ್ಟುಕೊಂಡು ಕೂತಿರುತ್ತವೆ. ಹೀಗೆ ಕಳೆದ ನೀರನ್ನು ಮತ್ತೆ ತುಂಬಿಕೊಳ್ಳಬೇಕು. ಹುಳ, ಹಣ್ಣು ತಿನ್ನುವ ಹಕ್ಕಿಗೆ ಆಹಾರದಲ್ಲೇ ಅದರ ಬಹುಪಾಲು ಸಿಗುತ್ತದೆ. ಕಾಳು ತಿನ್ನುವ ಗುಬ್ಬಿ, ಬೆಳವ, ಗುಬ್ಬಿಗಿಂತ ಚಿಕ್ಕ ರಾಟವಾಳಗಳಿಗೆ ಸಿಗುವುದಿಲ್ಲ, ಒಣ ಕಾಳು ತಿಂದಷ್ಟೂ ಬಾಯಾರಿಕೆ. ನೀವು ಫೀಡರ್ ತುಂಬ ಒಣ ಜೋಳ ತುಂಬಿ ನೀರು ಇಡದಿದ್ದರೆ, ನೆಂಟರಿಗೆ ಚಟ್ನಿಪುಡಿ ಬಡಿಸಿ ತಂಬಿಗೆ ಮರೆತಂತೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಯಾರೇ ಕೇಳಲಿ, ಮೊದಲ ವರ್ಷ ಬರೀ ನೀರು ಇಡಿ ಎನ್ನುತ್ತೇನೆ. ಹಕ್ಕಿಗಳ ನಂಬಿಕೆ ಗಳಿಸಲು ಅದೇ ಸಾಕು, ಮತ್ತು ಕಾಳಿಗೆ ಎಂದೂ ಬಾರದ ಪಿಕಳಾರ, ಮಡಿವಾಳ, ಟುವ್ವಿ, ಹರಟೆಮಲ್ಲಗಳೂ ನೀರಿಗೆ ಬರುತ್ತವೆ.

ಪಾತ್ರೆಗೆ ದುಡ್ಡು ಹಾಕಬೇಡಿ. ಮನೆಯ ಅಟ್ಟದ ಮೇಲೆ ಹಳೆಯ ಮಣ್ಣಿನ ರೊಟ್ಟಿ ಹಂಚು ಇದ್ದರೆ ಅದಕ್ಕಿಂತ ಒಳ್ಳೆಯ ಹಕ್ಕಿ ತಟ್ಟೆ ಇಲ್ಲ. ಅಂಚಿನಿಂದ ನಡುವಿಗೆ ಮೆಲ್ಲಗೆ ಆಳವಾಗುತ್ತದೆ, ಮೈ ಒರಟಾಗಿರುವುದರಿಂದ ಕಾಲು ಜಾರುವುದಿಲ್ಲ. ಇಲ್ಲದಿದ್ದರೆ ಕುಂಬಾರರ ಹತ್ತಿರ ಗಡಿಗೆ ಮುಚ್ಚುವ ಅಗಲ ತಟ್ಟೆ ಕೇಳಿ. ನಡುವೆ ಎರಡು ಇಂಚಿಗಿಂತ ಹೆಚ್ಚು ಆಳ ಬೇಡ. ನೀರಿನಿಂದ ಮೇಲೆ ಕಾಣುವಂತೆ ಒಂದು ಕಲ್ಲು ಇಡಿ, ಜೇನುಹುಳ, ಚಿಟ್ಟೆಗಳೂ ಅದರ ಮೇಲೆ ಕೂತು ಕುಡಿಯುತ್ತವೆ. ಸ್ಟೀಲಿನ ಪಾತ್ರೆ ಬೇಡವೇ ಬೇಡ, ಮಧ್ಯಾಹ್ನಕ್ಕೆ ಕಾದು ಸುಡುತ್ತದೆ. ಬಾಯಿ ಕಿರಿದಾದ ಗಡಿಗೆಯೂ ಬೇಡ. ಮೈನಾ ಮರಿ ಬಿದ್ದರೆ ಮೇಲೆ ಬರಲಾಗದು.

ಮಗಳಿಗೆ ಒಂದು ಕೆಲಸ ಕೊಡಿ. ಗುಬ್ಬಿ ಕುಡಿಯುವುದನ್ನೂ ಬೆಳವ ಕುಡಿಯುವುದನ್ನೂ ಅಕ್ಕಪಕ್ಕ ನೋಡಲಿ. ಗುಬ್ಬಿ ಒಂದು ಗುಟುಕು ತೆಗೆದು ತಲೆ ಎತ್ತಿ ನುಂಗುತ್ತದೆ. ಬೆಳವ, ಪಾರಿವಾಳಗಳು ಕೊಕ್ಕು ಮುಳುಗಿಸಿ, ತಲೆ ಎತ್ತದೆ, ದನ ಕುಡಿದಂತೆ ಹೀರುತ್ತವೆ. ಹಕ್ಕಿಗಳಲ್ಲಿ ಹೀಗೆ ಹೀರಬಲ್ಲವು ಕೆಲವೇ.

ತಟ್ಟೆ ಬೇವಿನ ನೆರಳಿನಲ್ಲಿರಲಿ, ಆದರೆ ಕೊಂಬೆಯ ನೇರ ಕೆಳಗೆ ಇಟ್ಟರೆ ಮೇಲೆ ಕೂತ ಹಕ್ಕಿಗಳ ಹಿಕ್ಕೆ ನೀರಿಗೇ ಬೀಳುತ್ತದೆ. ಮುಂಜಾನೆ ಚೆಲ್ಲಿ, ತೆಂಗಿನ ನಾರಿನಿಂದ ತಿಕ್ಕಿ, ಹೊಸ ನೀರು. ಮಧ್ಯಾಹ್ನ ಇನ್ನೊಮ್ಮೆ. ನಮ್ಮ ಕಡೆ ಬೋರ್‌ವೆಲ್ ನೀರು ಗಡುಸು, ವಾರದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಮರಳು ಹಾಕಿ ಉಜ್ಜಿದರೆ ಹೋಗುತ್ತದೆ, ಸೋಪು ದಿನಾ ಬೇಕಿಲ್ಲ. ಚೆಲ್ಲಿದ ನೀರು ಪೇರಲ ಗಿಡಕ್ಕೆ ಹೋಗಲಿ. ಡೆಂಗ್ಯೂ ಸೊಳ್ಳೆ ಹುಟ್ಟುತ್ತದೆ ಎಂದು ನೆರೆಯವರು ಅಂದರೆ ಅವರ ಆತಂಕ ನ್ಯಾಯವಾದದ್ದೇ. ಬಿಸಿ ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು. ದಿನಾ ಚೆಲ್ಲಿ ತಿಕ್ಕುವ ತಟ್ಟೆಯಲ್ಲಿ ಅದು ಸಾಧ್ಯವಿಲ್ಲ ಎಂದು ವಿವರಿಸಿ ಹೇಳಿ.

ಈಗ ಜಾಗದ ವಿಷಯ. ಹಕ್ಕಿಗೆ ಗಾಜು ಎಂಬುದು ಗೊತ್ತಿಲ್ಲ, ಗಾಜಿನಲ್ಲಿ ಕಾಣುವ ಬೇವಿನ ಮರವನ್ನು ನಿಜವಾದ ಮರ ಎಂದೇ ತಿಳಿಯುತ್ತದೆ. ಕಾಳಿನ ತಟ್ಟೆಯನ್ನು ಕಿಟಕಿಗೆ ಮೂರು ಅಡಿಯ ಒಳಗೆ ಇಟ್ಟರೆ, ಬೆಚ್ಚಿ ಹಾರಿದರೂ ವೇಗ ಇರುವುದಿಲ್ಲ, ಪೆಟ್ಟು ಕಡಿಮೆ. ಇಲ್ಲವೇ ಮೂವತ್ತು ಅಡಿ ದೂರ ಇರಬೇಕು. ನೀವು ಕಟ್ಟಿದ ಏಳೆಂಟು ಅಡಿ ಎಲ್ಲಕ್ಕಿಂತ ಕೆಟ್ಟ ದೂರ. ಹನ್ನೆರಡು ಅಡಿ ಹಿತ್ತಲಿನಲ್ಲಿ ಮೂವತ್ತು ಅಡಿ ಎಲ್ಲಿಂದ ಬರಬೇಕು? ಕಿಟಕಿಯಿಂದ ಎರಡೂವರೆ ಅಡಿಗೆ ತನ್ನಿ, ಮತ್ತು ಗಾಜಿನ ಹೊರಮೈಗೆ ಸುಣ್ಣದಿಂದ ನಾಲ್ಕು ನಾಲ್ಕು ಬೆರಳಿಗೊಂದು ಗೆರೆ ಎಳೆಯಿರಿ. ಮಗಳು ರಂಗೋಲಿ ಹಾಕುವವಳಾದರೆ ಅದನ್ನೇ ಚುಕ್ಕಿ ರಂಗೋಲಿ ಮಾಡಲಿ, ಚುಕ್ಕಿಗಳು ಒತ್ತಾಗಿದ್ದರೆ ಸಾಕು.

ಬೆಕ್ಕು ಅಡಗಿ ಹೊಂಚು ಹಾಕಿ ನೆಗೆಯುವ ಪ್ರಾಣಿ. ಕಾಂಪೌಂಡ್ ಗೋಡೆ, ಹೂಕುಂಡ, ಪೊದೆಗಳಿಂದ ಎಂಟು ಹತ್ತು ಅಡಿ ದೂರ, ನೆಲದಿಂದ ಐದಾರು ಅಡಿ ಎತ್ತರ ಇರಲಿ. ಬೇವಿನ ಕೊಂಬೆಗೆ ಕಟ್ಟಬೇಡಿ, ಬೆಕ್ಕು ಮರ ಹತ್ತುತ್ತದೆ. ಒಂದು ಇಂಚಿನ ಕಬ್ಬಿಣದ ಪೈಪ್ ನೆಟ್ಟು, ತುದಿಗೆ ತಟ್ಟೆ ಕೂರಿಸಿ, ನಡುವೆ ಎಣ್ಣೆ ಡಬ್ಬಿಯ ತಗಡನ್ನು ಕತ್ತರಿಸಿ ಬೋರಲು ಹಾಕಿದ ಲಾಳಿಕೆಯಂತೆ ಸುತ್ತಿದರೆ ಬೆಕ್ಕೂ ಹತ್ತದು, ಇಣಚಿಯೂ ಹತ್ತದು. ಕೆಲವರು ಪೈಪಿಗೆ ಗ್ರೀಸ್ ಹಚ್ಚುತ್ತಾರೆ. ಹಾಗೆ ಮಾಡಬೇಡಿ. ಗ್ರೀಸ್ ಹಕ್ಕಿಯ ಗರಿಗೆ ಅಂಟಿದರೆ ಅದನ್ನು ತೆಗೆಯಲು ಅದಕ್ಕೆ ಆಗುವುದಿಲ್ಲ.

ಹದಿನೈದು ದಿನ ಯಾಕೆ ಒಂದೂ ಬರಲಿಲ್ಲ ಎಂಬುದಕ್ಕೆ ಎರಡು ಕಾರಣ. ಗುಬ್ಬಿಗೆ ಹೊಸ ವಸ್ತು ಎಂದರೆ ಭಯ, ಒಂದು ಧೈರ್ಯ ಮಾಡಿ ಇಳಿದ ಮೇಲೆಯೇ ಉಳಿದವು ಇಳಿಯುತ್ತವೆ. ಎರಡನೆಯದು ಆ ಕೊಳವೆ ಫೀಡರೇ. ಅದು ತಂಪು ದೇಶಗಳ ಟಿಟ್, ಫಿಂಚ್ ಮುಂತಾದ ಹಕ್ಕಿಗಳಿಗಾಗಿ ಹುಟ್ಟಿದ್ದು, ಅವು ಜೋತು ಬಿದ್ದು ತಿನ್ನಬಲ್ಲವು. ನಮ್ಮ ಗುಬ್ಬಿ, ಬೆಳವಗಳು ಕಣದಲ್ಲಿ, ಅಂಗಳದಲ್ಲಿ ನೆಲದ ಮೇಲೆ ಆರಿಸಿ ತಿಂದು ಬೆಳೆದವು. ಅವಕ್ಕೆ ಚಪ್ಪಟೆ ಜಾಗವೇ ಹೆಚ್ಚು ಒಗ್ಗುತ್ತದೆ. ಒಂದು ಅಡಿ ಚೌಕದ ಪ್ಲೈವುಡ್ ತುಂಡು, ಸುತ್ತ ಅರ್ಧ ಇಂಚಿನ ಪಟ್ಟಿ, ನೀರು ಇಳಿಯಲು ನಾಲ್ಕು ಮೂಲೆಗೆ ತೂತು. ಬಡಗಿ ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾನೆ. ತಂದ ಕೊಳವೆಯನ್ನು ಎಸೆಯಬೇಕಿಲ್ಲ, ಅಡಿಗೆ ಅಗಲ ತಟ್ಟೆ ಕಟ್ಟಿದರೆ ನಡೆಯುತ್ತದೆ. ಆದರೆ ಅದರ ಒಳಗೋಡೆ ತೊಳೆಯುವುದು ಕಷ್ಟ, ನನಗಾದರೆ ಬೇಡ.

ಇದೆಲ್ಲಕ್ಕಿಂತ ಹಳೆಯದೂ ಚೆಂದದ್ದೂ ಇನ್ನೊಂದಿದೆ, ತೆನೆ ಕಟ್ಟುವುದು. ಸುಗ್ಗಿಯಲ್ಲಿ ಜೋಳದ ತೆನೆ, ಸಜ್ಜೆ ತೆನೆಗಳನ್ನು ಗೊಂಚಲು ಮಾಡಿ ಬಾಗಿಲ ಮುಂದೆ, ಪಡಸಾಲೆಯ ತೊಲೆಗೆ ತೂಗುಹಾಕುತ್ತಿದ್ದರು. ಹೊಲದಲ್ಲಿ ಅಟ್ಟಣೆ ಹತ್ತಿ ಕವಣೆ ಬೀಸಿ ಹಕ್ಕಿ ಓಡಿಸಿದ ಅದೇ ಕೈಗಳು ಮನೆಗೆ ಬಂದು ಹಕ್ಕಿಗೆ ತೆನೆ ಕಟ್ಟುತ್ತಿದ್ದವು. ತೆನೆಯಲ್ಲಿ ಕಾಳು ಹಿಕ್ಕೆಗೆ ತಾಗದೆ ಗಾಳಿಯಲ್ಲಿ ಒಣಗಿಯೇ ಇರುತ್ತದೆ, ಭಾರದ ಪಾರಿವಾಳ ಅದಕ್ಕೆ ಜೋತು ಬೀಳಲಾರದು, ಗುಬ್ಬಿ ಬೀಳುತ್ತದೆ. ರೋಗದ ದೃಷ್ಟಿಯಿಂದಲೂ ಪಾರಿವಾಳದ ದೃಷ್ಟಿಯಿಂದಲೂ ಇದಕ್ಕೆ ಸಮನಾದ ಫೀಡರನ್ನು ನಾನು ಕಂಡಿಲ್ಲ. ಹೊಲ ಇರುವ ನೆಂಟರಿಗೆ ಈಗಲೇ ಹೇಳಿಡಿ, ಮುಂದಿನ ಸುಗ್ಗಿಗೆ ಇಪ್ಪತ್ತು ತೆನೆ ಕಡ್ಡಿ ಸಮೇತ ಕಳಿಸಲಿ. ಔಷಧ ಹೊಡೆಯದ ಹೊಲದ್ದು ಎಂದು ಕೇಳಿ ತೆಗೆದುಕೊಳ್ಳಿ.

ಕಾಳು ಯಾವುದು? ಸಜ್ಜೆ ಮತ್ತು ನವಣೆ, ಈ ಎರಡೇ ಸಾಕು. ಗುಬ್ಬಿ, ರಾಟವಾಳಗಳ ಸಣ್ಣ ಕೊಕ್ಕಿಗೆ ಹೇಳಿ ಮಾಡಿಸಿದ ಗಾತ್ರ. ಇಡೀ ಜೋಳ ಗುಬ್ಬಿಗೆ ದೊಡ್ಡದು, ಒಡೆದು ನುಚ್ಚು ಮಾಡಿ ಹಾಕಿ. ನುಚ್ಚಕ್ಕಿ ಹಾಕಬಹುದು, ಹಸಿ ಅಕ್ಕಿ ಹಕ್ಕಿಯ ಹೊಟ್ಟೆಯಲ್ಲಿ ಉಬ್ಬಿ ಸಾಯಿಸುತ್ತದೆ ಎಂಬುದು ಸುಳ್ಳು, ಗಂಗಾವತಿಯ ಗದ್ದೆಗಳಲ್ಲಿ ಹಕ್ಕಿಗಳು ಭತ್ತ ತಿಂದು ಆರಾಮಾಗಿಯೇ ಇವೆ. ಕುಸುಬೆ, ಸೂರ್ಯಕಾಂತಿ ಇಟ್ಟರೆ ಗಿಳಿಗಳು ಬರುತ್ತವೆ. ಪಾಳಿಯ ಮೇಲೆ ಒಂದೊಂದು ದಿನ ಇಟ್ಟು ನೋಡಿ. ಬಂದ ಗಿಳಿಯನ್ನು ಹಿಡಿದು ಪಂಜರಕ್ಕೆ ಹಾಕಬೇಕೆಂದು ಯಾರಾದರೂ ಅಂದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ ಎಂದು ತಿಳಿಸಿ.

ಈಗ ಎರಡು ಎಚ್ಚರಿಕೆ. ನಮ್ಮ ಜಿಲ್ಲೆಗಳಲ್ಲಿ ಇವೆರಡನ್ನೂ ಒತ್ತಿ ಹೇಳಲೇಬೇಕು.

ಬಿತ್ತನೆಗೆ ತಂದು ಉಳಿದ ಬೀಜವನ್ನು ಹಕ್ಕಿಗೆ ಹಾಕಬೇಡಿ. ಮೆಕ್ಕೆಜೋಳ, ಜೋಳ, ಸಜ್ಜೆ, ಸೂರ್ಯಕಾಂತಿ ಬಿತ್ತನೆ ಬೀಜಗಳಿಗೆ ಥೈರಮ್, ಇಮಿಡಾಕ್ಲೋಪ್ರಿಡ್‌ನಂಥ ಔಷಧ ಲೇಪಿಸಿರುತ್ತಾರೆ. ಗುಲಾಬಿ, ಕೆಂಪು, ಹಸಿರು, ನೀಲಿ ಬಣ್ಣ ಹಾಕಿರುವುದೇ ತಿನ್ನಬಾರದು ಎಂಬ ಗುರುತಿಗೆ. ಜೂನ್ ತಿಂಗಳಲ್ಲಿ ಬಿತ್ತನೆ ಮುಗಿಸಿ ಬಂದವರು, ಚೀಲದಲ್ಲಿ ಉಳಿದದ್ದು ಹಾಳಾಗುವುದು ಬೇಡ, ಗುಬ್ಬಿಗಾದರೂ ಆಗಲಿ ಎಂದು ಪ್ರೀತಿಯಿಂದಲೇ ಅಂಗಳಕ್ಕೆ ಚೆಲ್ಲುವುದನ್ನು ನಾನು ನೋಡಿದ್ದೇನೆ. ಇಪ್ಪತ್ತೈದು ಗ್ರಾಂ ತೂಗುವ ಗುಬ್ಬಿಗೆ ಅಂಥ ಕೆಲವೇ ಕಾಳು ಸಾಕು. ತೊಳೆದರೂ ಆ ವಿಷ ಪೂರ್ತಿ ಹೋಗುವುದಿಲ್ಲ.

ಇನ್ನೊಂದು ಬೂಷ್ಟು ಹಿಡಿದ ಶೇಂಗಾ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿದಾಗ ಸಿಕ್ಕಿದ್ದು ಮೇವಿಗೆ ಬಳಸಿದ ಶೇಂಗಾ ಹಿಂಡಿ, ಅದರಲ್ಲಿ ಬೆಳೆದ ಅಸ್ಪರ್ಜಿಲಸ್ ಬೂಷ್ಟು, ಅದು ಬಿಟ್ಟ ವಿಷ. ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದದ್ದೇ ಅದರಿಂದ. ಗಂಜ್‌ನಲ್ಲಿ ನೆಲ ಗುಡಿಸಿದ ಕಾಳು ಅಗ್ಗಕ್ಕೆ ಸಿಗುತ್ತದೆ, ಹಕ್ಕಿಗಲ್ಲವೇ ಎಂದು ತರಬೇಡಿ. ನೀವು ತಿನ್ನಲು ಒಪ್ಪುವ ಕಾಳನ್ನೇ ಅವಕ್ಕೂ ಹಾಕಿ. ನುಸಿ ಬಿದ್ದಿದ್ದರೆ ಚಿಂತೆಯಿಲ್ಲ, ಅದನ್ನೂ ತಿನ್ನುತ್ತವೆ. ಬೂಷ್ಟಿನ ವಾಸನೆ ಬಂದರೆ ಇಡೀ ಡಬ್ಬಿ ತಿಪ್ಪೆಗೆ.

ನಿಮ್ಮ ಅತ್ತೆಯವರ ಮಾತು. ಮುಂಜಾನೆಯ ಮೊದಲ ರೊಟ್ಟಿಯ ಚೂರು ಕಾಗೆಗೆ ಇಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ, ಅದನ್ನು ನಿಲ್ಲಿಸಿ ಎಂದು ನಾನು ಹೇಳುವವನಲ್ಲ. ಜೋಳದ ರೊಟ್ಟಿಯಲ್ಲಿ ಎಣ್ಣೆಯಿಲ್ಲ, ಚೂರು ಮಾಡಿ ಹಾಕಿದರೆ ತೊಂದರೆಯಿಲ್ಲ. ಅನ್ನ ಹಾಕುವುದಾದರೆ ಉಪ್ಪಿಲ್ಲದ್ದು, ಮುಂಜಾನೆಯದ್ದು, ಒಂದು ಹಿಡಿ. ನಮ್ಮ ಸೆಕೆಗೆ ಮಧ್ಯಾಹ್ನದೊಳಗೆ ಹಳಸುತ್ತದೆ, ಉಳಿದದ್ದನ್ನು ಅಷ್ಟರಲ್ಲಿ ತೆಗೆದುಬಿಡಬೇಕು. ಮಂಡಾಳ ಒಗ್ಗರಣೆ, ಮಿರ್ಚಿ ಚೂರು, ಖಾರಾ, ಬಿಸ್ಕತ್ತು ಬೇಡ. ಉಪ್ಪನ್ನು ಹೊರಹಾಕುವ ಶಕ್ತಿ ಈ ಸಣ್ಣ ಮೈಗಳಿಗೆ ಬಹಳ ಕಡಿಮೆ.

ಎಷ್ಟು ಹಾಕಬೇಕು ಎಂಬುದರಲ್ಲೇ ಪಾರಿವಾಳದ ಉತ್ತರವೂ ಇದೆ. ನೀವು ಫೀಡರ್ ತುಂಬಿಸಿಟ್ಟಿರಿ, ಇಡೀ ದಿನ ಕಾಳಿತ್ತು, ಒಂದು ಪಾರಿವಾಳ ನೋಡಿತು, ಐವತ್ತು ಬಂದವು. ಮುಂದೆ ಮುಂಜಾನೆ ಆರೂವರೆಗೆ ಎರಡು ಹಿಡಿ ಹಾಕಿ, ಒಂಬತ್ತರೊಳಗೆ ಖಾಲಿಯಾಗಬೇಕು. ಖಾಲಿಯಾಗದಿದ್ದರೆ ನಾಳೆ ಒಂದು ಹಿಡಿ. ಜೋಳ, ಗೋವಿನಜೋಳದಂಥ ದೊಡ್ಡ ಕಾಳು ಪೂರ್ತಿ ನಿಲ್ಲಿಸಿ. ಆಮೇಲೂ ಬಂದರೆ ತಟ್ಟೆಯ ಸುತ್ತ ಮತ್ತು ಮೇಲೆ ಒಂದೂವರೆ ಇಂಚಿನ ಕಣ್ಣಿನ ವೆಲ್ಡ್ ಮೆಶ್ ಪಂಜರದಂತೆ ಕಟ್ಟಿ. ಗುಬ್ಬಿ, ರಾಟವಾಳ ನುಸುಳುತ್ತವೆ, ಪಾರಿವಾಳ ನುಸುಳದು. ಜಾಲರಿಯಿಂದ ಕಾಳು ಎಲ್ಲ ಕಡೆ ನಾಲ್ಕು ಬೆರಳು ಒಳಗಿರಲಿ, ಇಲ್ಲವಾದರೆ ಕತ್ತು ಚಾಚಿ ಹೆಕ್ಕುತ್ತವೆ. ಬೆಳವಗಳಿಗೆ ಇದರಿಂದ ಅನ್ಯಾಯ, ಅದು ನನಗೂ ನೋವು. ನೀವು ಅಂಗಳದಲ್ಲಿ ಚಹಾ ಕುಡಿಯುವ ಹೊತ್ತಿಗೆ ನೆಲದ ಮೇಲೆ ಒಂದು ಚಿಟಿಕೆ ಹರಡಿ, ನೀವು ಎದ್ದಾಗ ಗುಡಿಸಿಬಿಡಿ.

ಆನೆಗುಂದಿ, ಅಂಜನಾದ್ರಿ ಕಡೆಯ ಓದುಗರಿಗೆ ಒಂದು ಮಾತು. ಮಂಗಗಳು ತಿರುಗಾಡುವ ಊರಿನಲ್ಲಿ ಕಾಳಿನ ತಟ್ಟೆ ಇಡಬೇಡಿ, ನೀರು ಮಾತ್ರ ಇಡಿ. ಮನೆಯಲ್ಲಿ ತಿನಿಸು ಸಿಗುತ್ತದೆ ಎಂದು ಕಲಿತ ಮಂಗ ನಾಳೆ ಅಡುಗೆಮನೆಗೆ ಬರುತ್ತದೆ, ಅದರ ಕಷ್ಟ ಓಣಿಗೆಲ್ಲ.

ಕಾಳು ಮುಟ್ಟದ ಹಕ್ಕಿಗಳಿಗೆ ಅರ್ಧ ಪೇರಲ, ಪಪ್ಪಾಯಿ ತುಂಡು ಮೊಳೆಗೆ ಚುಚ್ಚಿಡಿ. ಪಿಕಳಾರ, ಮೈನಾ, ಕೋಗಿಲೆ, ಅದೃಷ್ಟವಿದ್ದರೆ ಟಕ್ ಟಕ್ ಎಂದು ಕೂಗುವ ಚೆಂಬುಕುಟಿಗ ಬರುತ್ತವೆ. ಸೂರಕ್ಕಿಗೆ ಸಕ್ಕರೆ ನೀರಿನ ಬಾಟಲಿ ಕಟ್ಟಬೇಡಿ. ಅದು ಅಮೆರಿಕದಲ್ಲಿ ಹಮ್ಮಿಂಗ್‌ಬರ್ಡ್‌ಗೆ ಮಾಡುವುದು, ಆ ಹಕ್ಕಿ ನಮ್ಮ ದೇಶದಲ್ಲೇ ಇಲ್ಲ. ನಮ್ಮ ಸೆಕೆಗೆ ಸಕ್ಕರೆ ನೀರು ಒಂದೇ ದಿನದಲ್ಲಿ ಹುಳಿಯುತ್ತದೆ. ಬದಲಿಗೆ ಒಂದು ನುಗ್ಗೆ, ಒಂದು ದಾಸವಾಳ, ಒಂದು ದಾಳಿಂಬೆ ನೆಡಿ; ಹೂಬಿಟ್ಟ ನುಗ್ಗೆ ಗಿಡದಲ್ಲಿ ಸೂರಕ್ಕಿ ಇಲ್ಲದ ಮುಂಜಾನೆ ಇಲ್ಲ. ಕಾಂಪೌಂಡಿನ ಉದ್ದಕ್ಕೆ ಮದರಂಗಿ ಬೇಲಿ ಹಾಕಿದರೆ ಗುಬ್ಬಿಗಳಿಗೆ ಬಿಜ್ಜು ಬಂದಾಗ ಒಳಗೆ ನುಗ್ಗಲು ಆಸರೆ. ಹಾಗೆಂದು ಎಲ್ಲವೂ ಬರುತ್ತವೆ ಎಂದು ಕಾಯಬೇಡಿ. ಹಂಪಿ ಹತ್ತಿರದ ದರೋಜಿಯ ಬಂಡೆಗಳ ನಡುವೆ ಇರುವ ಹಳದಿ ಕೊರಳಿನ ಪಿಕಳಾರಕ್ಕೆ ಬೇಕಾದದ್ದು ಆ ಕಲ್ಲು, ಆ ಕುರುಚಲು. ಅದನ್ನು ಪಪ್ಪಾಯಿ ಇಟ್ಟು ಕರೆಯಲಾಗದು.

ಗುಬ್ಬಿಯ ವಿಷಯದಲ್ಲಿ ನಾನು ಕಾಳಿಗಿಂತ ಹೆಚ್ಚು ಯೋಚಿಸುವುದು ಮರಿಗಳ ಬಗ್ಗೆ. ದೊಡ್ಡ ಗುಬ್ಬಿ ಕಾಳು ತಿನ್ನುತ್ತದೆ, ಆದರೆ ಮೊಟ್ಟೆಯೊಡೆದ ಮರಿಗೆ ಮೊದಲ ದಿನಗಳಲ್ಲಿ ಹುಳುಗಳೇ ಬೇಕು. ತಾಯಿ ತಂದೆ ದಿನವಿಡೀ ಹಸಿರುಹುಳ, ಮಿಡತೆಮರಿ, ಜೇಡ ಹುಡುಕುತ್ತವೆ. ಪೇರಲಕ್ಕೆ ಹುಳು ಬಿತ್ತೆಂದು ಔಷಧ ಹೊಡೆದರೆ ತಟ್ಟೆ ತುಂಬ ಸಜ್ಜೆ ಇಟ್ಟೂ ಮರಿ ಹಸಿದೇ ಇರುತ್ತದೆ. ಇನ್ನೊಂದು ಗೂಡಿನ ಜಾಗ. ಹಳೆಯ ಮಣ್ಣಿನ ಮಾಳಿಗೆ ಮನೆಯಲ್ಲಿ ತೊಲೆ, ಜಂತಿಗಳ ಸಂದು, ಬೆಳಕಿಂಡಿಯ ಅಂಚು, ಗೋಡೆಯ ಗೂಡು, ಎಲ್ಲೆಲ್ಲೂ ಗುಬ್ಬಿಗೆ ಜಾಗವಿತ್ತು. ಆರ್‌ಸಿಸಿ ಛಾವಣಿಯಲ್ಲಿ ಒಂದು ಬೆರಳು ಸಂದೂ ಇಲ್ಲ. ಐದಾರು ಇಂಚು ಅಗಲ, ಎಂಟೊಂಬತ್ತು ಇಂಚು ಎತ್ತರದ ಮರದ ಪೆಟ್ಟಿಗೆ, ಅದಕ್ಕೆ 32 ಮಿಲಿಮೀಟರ್ ತೂತು. ಅದಕ್ಕಿಂತ ದೊಡ್ಡದಾದರೆ ಮೈನಾ ಬಂದು ಆಕ್ರಮಿಸುತ್ತದೆ. ಪೂರ್ವ ಅಥವಾ ಉತ್ತರದ ಗೋಡೆಗೆ, ಮಧ್ಯಾಹ್ನದ ಬಿಸಿಲು ತಾಗದಂತೆ, ಎಂಟು ಹತ್ತು ಅಡಿ ಎತ್ತರಕ್ಕೆ ಹೊಡೆಯಿರಿ. ಕಾಳಿನ ತಟ್ಟೆಯ ಪಕ್ಕ ಬೇಡ, ಗೂಡಿಗೆ ಗದ್ದಲ ಆಗದು. ದೇಶದ ಹಕ್ಕಿಗಳ ಬಗ್ಗೆ 2020ರಲ್ಲಿ ಬಂದ ವರದಿ, ಗುಬ್ಬಿ ಒಟ್ಟಾರೆ ಸುಮಾರಾಗಿ ಸ್ಥಿರವಾಗಿದೆ, ಮಹಾನಗರಗಳಲ್ಲಿ ಮಾತ್ರ ಇಳಿಯುತ್ತಿದೆ ಎಂದಿತು. ಕೊಪ್ಪಳದಂಥ ಊರಿನಲ್ಲಿ ಅದು ಇನ್ನೂ ಇದೆ, ಮನೆ ಕಟ್ಟುವ ರೀತಿ ಬದಲಾದಾಗ ನಾವು ಜಾಗ ಬಿಟ್ಟರೆ ಉಳಿಯುತ್ತದೆ.

ಮಳೆಗಾಲದಲ್ಲಿ ಕಾಳು ಇನ್ನೂ ಕಡಿಮೆ ಹಾಕಿ, ಒದ್ದೆಯಾದದ್ದನ್ನು ಅವತ್ತೇ ತೆಗೆಯಿರಿ. ಹೊರಗೆ ಹುಲ್ಲಿನ ಬೀಜ, ಹುಳು ಧಾರಾಳ ಇರುವ ಕಾಲ ಅದು. ಪೂರ್ತಿ ನಿಲ್ಲಿಸಿದರೂ ನಷ್ಟವಿಲ್ಲ. ತವರಿಗೆ ಹೋಗುವಾಗ ಕಾಳಿನ ಚಿಂತೆ ಬೇಡ, ಹಕ್ಕಿಗಳು ಒಂದೇ ಮನೆಯನ್ನು ನಂಬಿ ಕೂರುವುದಿಲ್ಲ. ಬೇಸಿಗೆಯಾದರೆ ನೀರಿಗೆ ಮಾತ್ರ ಪಕ್ಕದ ಮನೆಯವರಿಗೆ ಹೇಳಿ ಹೋಗಿ. ಮಗಳು ನೋಡಿದ ಹಕ್ಕಿಗಳನ್ನು ಬರೆದಿಡುತ್ತಿದ್ದರೆ ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿ ಎಣಿಕೆಗೆ ಇ-ಬರ್ಡ್ ಎಂಬ ಜಾಲತಾಣದಲ್ಲಿ ತನ್ನ ಪಟ್ಟಿ ಸೇರಿಸಬಹುದು, ಹದಿನೈದು ನಿಮಿಷ ನೋಡಿದರೂ ನಡೆಯುತ್ತದೆ. ಆ ಹೊತ್ತಿಗೆ ಜೋಳದ ಹೊಲಗಳ ಮೇಲೆ ಗುಲಾಬಿ ಕಬ್ಬಕ್ಕಿಗಳ ಹಿಂಡೂ ಇರುತ್ತದೆ, ದೂರದ ಮಧ್ಯ ಏಷ್ಯಾದಿಂದ ಬಂದವು.

ಕೊನೆಗೆ ನಿಮ್ಮ ಗೋಡೆಯ ಮೇಲಿನ ಅತಿಥಿಗಳು. ನೀವು ಹೇಳಿದ ಗುರುತು ಅಷ್ಟೂ ಒಂದೇ ಹಕ್ಕಿಗೆ ಹೊಂದುತ್ತದೆ: ರಾಟವಾಳದ ಜಾತಿ, ಇಂಗ್ಲಿಷಿನವರು ಸಿಲ್ವರ್‌ಬಿಲ್ ಎನ್ನುತ್ತಾರೆ. ಹಾರುವಾಗ ಬಾಲದ ಬುಡದಲ್ಲಿ ಬಿಳಿ ಕಂಡರೆ ಅನುಮಾನವೇ ಬೇಡ. ಒಣ ಬಯಲಿನ ಹಕ್ಕಿ, ಹುಲ್ಲಿನ ಬೀಜ ಅದರ ಊಟ, ಹೊಸ ಮನೆಯ ಹಿತ್ತಲಿಗೆ ಇಷ್ಟು ಬೇಗ ಬಂದದ್ದು ನಿಮ್ಮ ಭಾಗ್ಯ. ನವಣೆ ಇಟ್ಟರೆ ಒಂದು ವಾರದಲ್ಲಿ ತಟ್ಟೆಗೆ ಇಳಿಯುತ್ತವೆ. ಇವು ರಾತ್ರಿ ಮಲಗಲು ಗೀಜಗ ಬಿಟ್ಟುಹೋದ ಹಳೆಯ ಗೂಡುಗಳನ್ನು ಹುಡುಕಿಕೊಳ್ಳುವುದುಂಟು. ನಿಮ್ಮ ಬಡಾವಣೆಯ ಆಚೆ ಹಳ್ಳದ ದಂಡೆಯಲ್ಲಿ ಈಚಲು, ಜಾಲಿ ಮರಗಳಿಗೆ ಅಂಥ ಗೂಡು ತೂಗುತ್ತಿದ್ದರೆ, ಸಂಜೆ ಆರೂವರೆಯ ಹೊತ್ತಿಗೆ ಮಗಳನ್ನು ಕರೆದುಕೊಂಡು ಹೋಗಿ ದೂರದಲ್ಲಿ ನಿಲ್ಲಿ. ಒಂದರ ಹಿಂದೆ ಒಂದು ಒಳಗೆ ಹೋಗುವುದನ್ನು ಎಣಿಸಬಹುದು.